ಸಮಾಜ ಪಾಠದ ಪ್ರಾಜೆಕ್ಟ್‌ಗಳನ್ನ ಮಕ್ಕಳ ಕೈಯಲ್ಲೇ ಮಾಡ್ಸೋದು ಹೇಗೆ? ಪದೇ ಪದೇ ಕೇಳೋ ಪ್ರಶ್ನೆಗಳು

ಚಾರ್ಟ್ ಮಾಡಿಸ್ತೀವಲ್ಲ, ಅದೂ ಪ್ರಾಜೆಕ್ಟೇ ಅಲ್ವಾ?

ಚಾರ್ಟ್ ತಪ್ಪಲ್ಲ. ಆದ್ರೆ ರೆಡಿಮೇಡ್ ಚಿತ್ರ ಕತ್ತರಿಸಿ ಅಂಟಿಸಿ ಕೆಳಗೆ ಸ್ಕೆಚ್ ಪೆನ್ನಲ್ಲಿ ಹೆಸರು ಬರೆದ್ರೆ ಅಲ್ಲಿ ಮಗುವಿನ ಕೈಗೆ ಮಾತ್ರ ಕೆಲಸ ಸಿಕ್ಕಿರತ್ತೆ, ತಲೆಗೆ ಸಿಕ್ಕಿರಲ್ಲ. ನನ್ನ ಪ್ರಕಾರ ಪ್ರಾಜೆಕ್ಟ್ ಅಂದ್ರೆ ಮಾಡ್ತಾ ಮಾಡ್ತಾ ಮಗುಗೆ ಒಂದು ವಿಷಯ ಹೊಳೀಬೇಕು, ಬರೀ ಓದಿದ್ರೆ ಅದು ಹೊಳೀತಾ ಇರ್ಲಿಲ್ಲ ಅನ್ನೋ ಹಾಗಿರ್ಬೇಕು.

ಒಂದು ಉದಾಹರಣೆ ಕೊಡ್ತೀನಿ. ಸಿಂಧೂ ನಾಗರಿಕತೆಯ ಮುದ್ರೆಗಳು ಬಳಪದ ಕಲ್ಲಲ್ಲಿ ಕೆತ್ತಿದ್ದು, ಹೆಚ್ಚಿನವು ಎರಡು ಮೂರು ಸೆಂಟಿಮೀಟರ್ ಅಗಲದ ಪುಟಾಣಿ ಚೌಕಗಳು. ಇದನ್ನ ಓದಿ ಬಾಯಿಪಾಠ ಮಾಡ್ಬಹುದು. ಅದೇ ಒಂದು ಸೋಪಿನ ತುಂಡು, ಒಂದು ಟೂತ್‌ಪಿಕ್ ಕೊಟ್ಟು ಎತ್ತಿನ ಚಿತ್ರ ಕೆತ್ತಿಸಿ ನೋಡಿ. ಕೆತ್ತಿ ಮುಗಿಸಿ ಜೇಡಿಮಣ್ಣಿನ ಮೇಲೆ ಒತ್ತಿದಾಗ ಬಲಕ್ಕೆ ಮುಖ ಮಾಡಿದ್ದ ಎತ್ತು ಎಡಕ್ಕೆ ತಿರುಗಿರತ್ತೆ, ಅಕ್ಷರ ಬರೆದಿದ್ರೆ ಅದೂ ಉಲ್ಟಾ. "ಹಾಗಾದ್ರೆ ಅವ್ರು ಎಲ್ಲಾನೂ ತಿರುಗಿಸಿ ಕೆತ್ತಬೇಕಿತ್ತಾ?" ಅಂತ ಮಗು ಕೇಳತ್ತಲ್ಲ, ಆ ಕ್ಷಣಕ್ಕೋಸ್ಕರವೇ ಇಷ್ಟೆಲ್ಲಾ ಒದ್ದಾಟ. ಆ ಬರಹವನ್ನ ಎಲ್ಲರೂ ಒಪ್ಪೋ ಹಾಗೆ ಇವತ್ತಿಗೂ ಯಾರೂ ಓದಿಲ್ಲ ಅಂತ ಆಗ ಹೇಳಿದ್ರೆ ಇಡೀ ಕ್ಲಾಸ್ ಕಣ್ಣರಳಿಸಿ ಕೂರತ್ತೆ.

ಪ್ರಾಜೆಕ್ಟ್ ಐಡಿಯಾ ಎಲ್ಲಿಂದ ಹುಡುಕೋದು? ಇಂಟರ್ನೆಟ್‌ನಲ್ಲಿ ನೋಡಿದ್ರೆ ತಲೆ ಕೆಡತ್ತೆ.

ಚಂದದ ಫೋಟೋ ನೋಡಿ ಅಲ್ಲಿಂದ ಶುರು ಮಾಡ್ಬೇಡಿ, ಪಾಠದಿಂದ ಶುರು ಮಾಡಿ. ಪಾಠ ಓದಿ, ಅದರಲ್ಲಿ "ಯಾಕೆ" ಅಥವಾ "ಹೇಗೆ" ಅನ್ನೋ ಒಂದೇ ಒಂದು ಪ್ರಶ್ನೆ ಆರಿಸ್ಕೊಳ್ಳಿ. "ನದಿ ಪಕ್ಕದಲ್ಲೇ ಊರುಗಳು ಯಾಕೆ ಹುಟ್ಟಿದ್ವು", "ಗುಟ್ಟಾಗಿ ಯಾಕೆ ಓಟ್ ಹಾಕ್ತಾರೆ", "ದುಡ್ಡು ಇಲ್ದೇ ಇದ್ದಾಗ ಜನ ಏನ್ ಮಾಡ್ತಿದ್ರು" ಈ ಥರದ್ದು. ಆಮೇಲೆ ಆ ಪ್ರಶ್ನೆಗೆ ಉತ್ತರ ಸಿಗೋಕೆ ಕೈಯಲ್ಲಿ ಏನು ಮಾಡ್ಬೇಕು ಅಂತ ಯೋಚನೆ ಮಾಡಿ. ಪ್ರಶ್ನೆ ಮೊದ್ಲು, ಸಾಮಾನು ಆಮೇಲೆ. ಇದು ಉಲ್ಟಾ ಆದಾಗ್ಲೇ ಮಿನುಗು ಪೌಡರ್ ಹಚ್ಚಿದ ಪಿರಮಿಡ್‌ಗಳು ಹುಟ್ಟೋದು, ಅದನ್ನ ಮಾಡಿದ ಮಗುಗೆ ಪಿರಮಿಡ್ ಒಳಗೆ ಯಾರಿದ್ರು ಅಂತಾನೂ ಗೊತ್ತಿರಲ್ಲ.

ಈ ಕೈಕೆಲಸದ ಪದ್ಧತಿ ಹೊಸ ಫ್ಯಾಶನ್ ಅಲ್ವಾ? ನಿಜವಾಗ್ಲೂ ಉಪಯೋಗ ಇದ್ಯಾ?

ಹೊಸದೇನಲ್ಲ. ಲಂಡನ್‌ನಲ್ಲಿ ಜಾನ್ ಸ್ಪಿಲ್ಸ್‌ಬರಿ ಅನ್ನೋ ನಕ್ಷೆ ಕೆತ್ತೋನು 1760ರ ದಶಕದಲ್ಲಿ ನಕ್ಷೆಗಳನ್ನ ಮರದ ಹಲಗೆಗೆ ಅಂಟಿಸಿ ದೇಶಗಳ ಗಡಿಗೆ ಸರಿಯಾಗಿ ಕೊಯ್ದು ಮಕ್ಕಳಿಗೆ ಜೋಡಿಸೋಕೆ ಅಂತ ಮಾರ್ತಿದ್ದ. ಜಿಗ್‌ಸಾ ಪಜಲ್ ಹುಟ್ಟಿದ್ದೇ ಭೂಗೋಳ ಕಲಿಸೋಕೆ ಅಂದ್ರೆ ನಂಬ್ತೀರಾ!

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಚಿಕಾಗೋದಲ್ಲಿ ಶುರು ಮಾಡಿದ ಶಾಲೆಯಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸ ಮಾಡ್ತಾನೇ ಇತಿಹಾಸ ಕಲೀತಿದ್ರು. ಅಲ್ಲಿನ ಮಕ್ಕಳು ಹತ್ತಿಯಿಂದ ಬೀಜ ಬಿಡಿಸಿ, ಕುರಿ ಉಣ್ಣೆಯನ್ನೂ ಕೈಯಲ್ಲಿ ಹಿಡಿದು ಎರಡನ್ನೂ ಹೋಲಿಸಿ ನೋಡಿದ್ರು. ಹತ್ತಿ ಬೀಜ ಬಿಡಿಸೋದು ಎಂಥಾ ರೇಜಿಗೆ ಕೆಲಸ ಅಂತ ಬೆರಳಿಗೇ ಗೊತ್ತಾದ್ಮೇಲೆ, ಹಿಂದಿನ ಕಾಲದ ಜನ ಯಾಕೆ ಹತ್ತಿಗಿಂತ ಉಣ್ಣೆ ಬಟ್ಟೆ ಹೆಚ್ಚು ಹಾಕ್ತಿದ್ರು ಅಂತ ಅವ್ರಿಗೆ ಯಾರೂ ಭಾಷಣ ಮಾಡ್ಬೇಕಾಗಿ ಬರ್ಲಿಲ್ಲ.

ಯಾವ ಕ್ಲಾಸಿಗೆ ಯಾವ ಥರದ್ದು ಸರಿ?

ಒಂದು ಎರಡನೇ ಕ್ಲಾಸಿಗೆ ತಮ್ಮ ಮನೆ, ಕ್ಲಾಸ್‌ರೂಮ್, ಬೀದಿ, ಅಂದ್ರೆ ಕಣ್ಣಿಗೆ ಕಾಣೋದು. ಮೂರು ನಾಲ್ಕಕ್ಕೆ ಊರು, ನದಿ, ಕೆಲಸಗಳು, ಅಜ್ಜಿ ತಾತನ ಕಾಲ. ಐದಕ್ಕೆ ಬಂದಾಗ ಪ್ರಾಚೀನ ನಾಗರಿಕತೆ, ಸರ್ಕಾರ, ವ್ಯಾಪಾರ ಎಲ್ಲಾ ತಗೋಬಹುದು. ಇದೇನು ಕಲ್ಲಲ್ಲಿ ಕೆತ್ತಿದ ರೂಲ್ ಅಲ್ಲ, ಎರಡನೇ ಕ್ಲಾಸ್ ಮಕ್ಕಳು ಎಷ್ಟು ಚೆನ್ನಾಗಿ ವೋಟಿಂಗ್ ಮಾಡ್ತಾರೆ ಅಂತ ನಾನೇ ನೋಡಿದೀನಿ.

ಮ್ಯಾಪ್ ಅಂದ್ರೆ ಮಕ್ಕಳಿಗೆ ತಲೆಗೇ ಹೋಗಲ್ಲ. ಎಲ್ಲಿಂದ ಶುರು ಮಾಡ್ಲಿ?

ಪ್ರಪಂಚದ ಮ್ಯಾಪ್‌ನಿಂದ ಅಲ್ಲ, ಮೇಜಿನಿಂದ. ಮೇಜಿನ ಮೇಲೆ ಒಂದು ಲೋಟ, ಒಂದು ಪುಸ್ತಕ, ಒಂದು ಡಬ್ಬಿ ಇಟ್ಟು ಮಕ್ಕಳನ್ನ ಪಕ್ಕದಲ್ಲಿ ನಿಂತು ಮೇಲಿಂದ ಬಗ್ಗಿ ನೋಡೋಕೆ ಹೇಳಿ, ಕಂಡಿದ್ದನ್ನ ಬರೀಲಿ. ಲೋಟ ಬರೀ ವೃತ್ತ ಆಗತ್ತೆ, ಡಬ್ಬಿ ಬರೀ ಚೌಕ. "ಹಕ್ಕಿಗೆ ಹೀಗೆ ಕಾಣತ್ತೆ" ಅನ್ನೋದು ಅವ್ರಿಗೆ ಹೊಳೆದ ದಿನ ಮ್ಯಾಪ್‌ನ ಅರ್ಧ ಪಾಠ ಮುಗಿದ ಹಾಗೆ.

ಆಮೇಲೆ ಕ್ಲಾಸ್‌ರೂಮ್. ದೊಡ್ಡ ಹಾಳೆ ನೆಲದ ಮೇಲೆ ಹಾಸಿ, ಖಾಲಿ ಬೆಂಕಿಪೊಟ್ಟಣಗಳನ್ನ ಡೆಸ್ಕ್ ಅಂತ ಇಟ್ಟು ರೂಮನ್ನ ಜೋಡಿಸ್ಲಿ, ಸರಿ ಅನ್ನಿಸಿದ ಮೇಲೆ ಪೊಟ್ಟಣದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪೊಟ್ಟಣ ತೆಗೆದುಬಿಡಿ, ಉಳಿಯೋದೇ ಮ್ಯಾಪ್. ಇನ್ನು ಅಳತೆ. ಚೌಕುಳಿ ಹಾಳೇಲಿ ಒಂದು ಹೆಜ್ಜೆಗೆ ಒಂದು ಚೌಕ ಅಂತ ಹೇಳಿ ರೂಮ್ ಅಳೆಯೋಕೆ ಬಿಡಿ. ನನ್ನ ಕ್ಲಾಸಲ್ಲಿ ಒಂದ್ಸಲ ಒಬ್ಬ ಹುಡುಗ 13 ಹೆಜ್ಜೆ ಅಂದ, ಪಕ್ಕದ ಹುಡುಗಿ 17 ಅಂದ್ಲು, ಇಬ್ಬರೂ ಜಗಳಕ್ಕೇ ನಿಂತ್ರು, ಮತ್ತೆ ಮತ್ತೆ ನಡೆದು ತೋರಿಸಿದ್ರು, ಕೊನೆಗೆ ಹಿಂದಿನ ಬೆಂಚಿನ ಮಗು ಎದ್ದು "ಇಬ್ರ ಕಾಲೂ ಬೇರೆ ಬೇರೆ ಸೈಜ್ ಅಲ್ವಾ" ಅಂತು. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನೋ ಪಾಠ ಅಲ್ಲೇ ಆಗಿಹೋಯ್ತು. ಆಮೇಲೆ ಟೇಪ್ ಕೊಟ್ಟೆ. 8 ಮೀಟರ್ ಉದ್ದ 6 ಮೀಟರ್ ಅಗಲದ ರೂಮಿಗೆ ಒಂದು ಮೀಟರ್‌ಗೆ 5 ಸೆಂಟಿಮೀಟರ್ ಅಂತ ಹಿಡಿದ್ರೆ 40 ಸೆಂಟಿಮೀಟರ್ ಉದ್ದ 30 ಸೆಂಟಿಮೀಟರ್ ಅಗಲದ ನಕ್ಷೆ ಆಗತ್ತೆ, ಡ್ರಾಯಿಂಗ್ ಶೀಟಲ್ಲಿ ಆರಾಮಾಗಿ ಕೂರತ್ತೆ.

ದಿಕ್ಕಿಗೆ ದಿಕ್ಸೂಚಿ ಇಲ್ದಿದ್ರೂ ಚಿಂತೆ ಇಲ್ಲ. ಬಿಸಿಲಲ್ಲಿ ಒಂದು ಕೋಲು ನೇರವಾಗಿ ನೆಟ್ಟು ನೆರಳಿನ ತುದಿಗೆ ಒಂದು ಕಲ್ಲಿಡಿ, 20 ನಿಮಿಷ ಬಿಟ್ಟು ನೆರಳಿನ ತುದಿಗೆ ಇನ್ನೊಂದು ಕಲ್ಲು. ಎರಡನ್ನೂ ಸೇರಿಸಿ ಗೆರೆ ಎಳೆದ್ರೆ ಹೆಚ್ಚುಕಡಿಮೆ ಪೂರ್ವ ಪಶ್ಚಿಮ ಸಿಗತ್ತೆ, ಮೊದಲನೇ ಕಲ್ಲಿನ ಕಡೆ ಪಶ್ಚಿಮ. ಮಧ್ಯಾಹ್ನದ ಹೊತ್ತಿಗೆ ಮಾಡಿದ್ರೆ ಇನ್ನೂ ಸರಿಯಾಗಿ ಬರತ್ತೆ.

ಬೆಟ್ಟ, ನದಿ, ಕಣಿವೆ ಮಾಡೆಲ್‌ಗೆ ಏನು ಉಪಯೋಗಿಸೋದು?

ಉಪ್ಪಿನ ಹಿಟ್ಟು. ಎರಡು ಭಾಗ ಮೈದಾ, ಒಂದು ಭಾಗ ಉಪ್ಪು, ಸುಮಾರು ಒಂದು ಭಾಗ ನೀರು, ನೀರನ್ನ ಮಾತ್ರ ಸ್ವಲ್ಪ ಸ್ವಲ್ಪವೇ ಹಾಕಿ. ಗಟ್ಟಿ ರಟ್ಟಿನ ಮೇಲೆ ಮಾಡಿಸಿ, ತುಂಬಾ ದಪ್ಪ ಮಾಡಿದ್ರೆ ಒಣಗುವಾಗ ಬಿರುಕು ಬಿಡತ್ತೆ, ಹಾಗಾಗಿ ಬೆಟ್ಟದ ಒಳಗೆ ಉಂಡೆ ಮಾಡಿದ ಪೇಪರ್ ಇಟ್ಟು ಮೇಲೆ ಹಿಟ್ಟು ಹಚ್ಚಿ. ಪೂರ್ತಿ ಒಣಗೋಕೆ ಎರಡು ಮೂರು ದಿನ ಬೇಕು, ಅದಾದ ಮೇಲೆ ಬಣ್ಣ.

ದೊಡ್ಡ ಕ್ಲಾಸ್ ಮಕ್ಕಳಾದ್ರೆ ಒಂದು ಲೆಕ್ಕ ಹಾಕಿಸಿ. 10 ಕಿಲೋಮೀಟರ್‌ಗೆ ಒಂದು ಸೆಂಟಿಮೀಟರ್ ಅಂತ ಹಿಡಿದ್ರೆ ಎವರೆಸ್ಟ್ ಎಷ್ಟೆತ್ತರ ಆಗ್ಬೇಕು? 8,849 ಮೀಟರ್ ಅಂದ್ರೆ 9 ಮಿಲಿಮೀಟರ್ ಕೂಡ ಆಗಲ್ಲ! ನಾವು ಮಾಡೋ ಮಾಡೆಲ್‌ಗಳಲ್ಲಿ ಬೆಟ್ಟದ ಎತ್ತರ ಯಾವಾಗ್ಲೂ ಹೆಚ್ಚಾಗಿರತ್ತೆ, ಅದನ್ನ ಮುಚ್ಚಿಡದೆ ಮಾಡೆಲ್ ಮೇಲೇ ಬರೆಸಿ.

ಹಿಟ್ಟು ಕಲಸೋಕೆ ಪುರುಸೊತ್ತಿಲ್ಲ ಅಂದ್ರೆ ಇದಕ್ಕಿಂತ ಸುಲಭದ್ದು ಒಂದಿದೆ, ನನಗೆ ತುಂಬಾ ಇಷ್ಟ. ಒಂದು ಹಾಳೆಯನ್ನ ಮುದ್ದೆ ಮಾಡಿ ಅರ್ಧ ಬಿಡಿಸಿ ಇಟ್ರೆ ಅದೇ ಬೆಟ್ಟಸಾಲು. ಏಣುಗಳ ಮೇಲೆಲ್ಲಾ ನೀರಲ್ಲಿ ಕರಗೋ ನೀಲಿ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಸ್ಪ್ರೇ ಬಾಟಲಿಯಿಂದ ಮೆತ್ತಗೆ ನೀರು ಚಿಮುಕಿಸಿ. ಬಣ್ಣ ಏಣಿನ ಎರಡೂ ಕಡೆಗೆ ಇಳಿದು, ಸಣ್ಣ ಸಣ್ಣ ಗೆರೆ ಸೇರಿ ದೊಡ್ಡ ಗೆರೆ ಆಗಿ ತಗ್ಗಲ್ಲಿ ಕೆರೆ ಥರ ನಿಲ್ಲತ್ತೆ. ಈಗ ಕೇಳಿ, "ಇಲ್ಲಿ ನೀವು ಊರು ಕಟ್ಟೋದಾದ್ರೆ ಎಲ್ಲಿ ಕಟ್ತೀರಾ?" ನೀರಿನ ಪಕ್ಕ ಅಂತ ಎಲ್ಲರೂ ಹೇಳ್ತಾರೆ. ಇನ್ನೊಂದ್ಸಲ ಜೋರಾಗಿ ಸ್ಪ್ರೇ ಮಾಡಿ, ಊರು ಮುಳುಗಿಹೋಗತ್ತೆ. ಎರಡನೇ ಉತ್ತರ ಹೇಳುವಾಗ ಮಕ್ಕಳು ಎಷ್ಟು ಹೊತ್ತು ಯೋಚನೆ ಮಾಡ್ತಾರೆ ಅಂತ ನೋಡಿ.

ಇಸವಿಗಳು ನೆನಪಲ್ಲೇ ಉಳಿಯಲ್ಲ. ಟೈಮ್‌ಲೈನ್ ಹೇಗೆ ಮಾಡ್ಸೋದು?

ಕಾಗದದ ಮೇಲೆ ಬೇಡ, ದಾರದಲ್ಲಿ ಮಾಡ್ಸಿ. ಮೊದ್ಲು ಅವ್ರ ಸ್ವಂತ ಬದುಕು, ವರ್ಷಕ್ಕೆ 10 ಸೆಂಟಿಮೀಟರ್. ಎಂಟು ವರ್ಷದ ಮಗುಗೆ 80 ಸೆಂಟಿಮೀಟರ್ ದಾರ. ಮೊದಲ ಹಲ್ಲು ಬಿದ್ದಿದ್ದು, ತಂಗಿ ಹುಟ್ಟಿದ್ದು, ಶಾಲೆಗೆ ಸೇರಿದ್ದು, ಎಲ್ಲಾ ಚೀಟಿ ಬರೆದು ಬಟ್ಟೆ ಕ್ಲಿಪ್ ಹಾಕ್ಲಿ.

ಅದಾದ ಮೇಲೆ ದೊಡ್ಡ ಹಗ್ಗ, ಮೈದಾನಕ್ಕೆ ಹೋಗಿ. ಈಗ ವರ್ಷಕ್ಕೆ ಒಂದು ಸೆಂಟಿಮೀಟರ್. ಒಂದು ತುದಿ ಇವತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969 ಅರ್ಧ ಮೀಟರ್‌ಗಿಂತ ಸ್ವಲ್ಪ ಆಚೆ ಬರತ್ತೆ, ಗುಟೆನ್‌ಬರ್ಗ್‌ನ ಮುದ್ರಣ ಸುಮಾರು 1450, ಅದು ಐದೂಮುಕ್ಕಾಲು ಮೀಟರ್ ಹತ್ರ. ಈಜಿಪ್ಟ್‌ನ ರಾಣಿ ಕ್ಲಿಯೋಪಾತ್ರ ತೀರಿಕೊಂಡಿದ್ದು ಕ್ರಿ.ಪೂ. 30, ಅದು ಇಪ್ಪತ್ತು ಮೀಟರ್ ದಾಟತ್ತೆ. ಗೀಜಾದ ದೊಡ್ಡ ಪಿರಮಿಡ್ ಸುಮಾರು ಕ್ರಿ.ಪೂ. 2560, ಅಂದ್ರೆ 45 ಮೀಟರ್‌ಗೂ ಆಚೆ. ಹಗ್ಗದ ಮೇಲೆ ಈ ಕ್ಲಿಪ್‌ಗಳನ್ನ ಹಾಕಿ ಮಕ್ಕಳನ್ನ ಒಬ್ಬೊಬ್ಬರಾಗಿ ಅಲ್ಲಲ್ಲೇ ನಿಲ್ಲಿಸಿದ್ರೆ ಅವ್ರಿಗೇ ಕಾಣತ್ತೆ, ಕ್ಲಿಯೋಪಾತ್ರ ಪಿರಮಿಡ್‌ಗಿಂತ ನಮಗೇ ಹತ್ರ ನಿಂತಿದಾಳೆ! ಇಬ್ಬರೂ "ಹಳೇ ಈಜಿಪ್ಟ್" ಅಂತ ಒಂದೇ ಡಬ್ಬಿಗೆ ಹಾಕ್ಕೊಂಡಿದ್ದ ಮಕ್ಕಳಿಗೆ (ನನಗೂ ಹಾಗೇ ಇತ್ತು) ಇದು ದೊಡ್ಡ ಶಾಕ್.

ಕ್ರಿ.ಪೂ. 1 ಆದ ತಕ್ಷಣ ಕ್ರಿ.ಶ. 1, ಮಧ್ಯೆ ಸೊನ್ನೆ ವರ್ಷ ಇಲ್ಲ ಅನ್ನೋದನ್ನ ಲೆಕ್ಕ ಹಾಕುವಾಗ ಹೇಳಿಬಿಡಿ. ಮತ್ತೆ ಯಾರಾದ್ರೂ ಒಬ್ರು ಡೈನೋಸಾರ್ ಎಲ್ಲಿ ಅಂತ ಕೇಳೇ ಕೇಳ್ತಾರೆ. ದೊಡ್ಡ ಡೈನೋಸಾರ್‌ಗಳು ಅಳಿದಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ, ಇದೇ ಅಳತೇಲಿ ಹಗ್ಗ 660 ಕಿಲೋಮೀಟರ್ ಉದ್ದ ಬೇಕು.

ಪ್ರಾಚೀನ ನಾಗರಿಕತೆಗೆ ಪಿರಮಿಡ್ ಬಿಟ್ಟು ಬೇರೆ ಏನಾದ್ರೂ ಇದ್ಯಾ?

ಮೆಸೊಪೊಟೇಮಿಯಾದ (ಈಗಿನ ಇರಾಕ್ ಸುತ್ತಮುತ್ತ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ನಾಡು) ಜೇಡಿಮಣ್ಣಿನ ಹಲಗೆ ಮಾಡ್ಸಿ. ಅಂಗೈಯಗಲ ಮಣ್ಣು ತಟ್ಟಿ, ಐಸ್‌ಕ್ರೀಮ್ ಕಡ್ಡಿಯನ್ನ ಮುರಿದು ಅದರ ಮೂಲೆಯಿಂದ ಒತ್ತಿದ್ರೆ ಮೊಳೆ ಆಕಾರದ ಗುರುತು ಬರತ್ತೆ. ಅಲ್ಲಿನವರು ಜೊಂಡಿನ ಕಡ್ಡಿ ಉಪಯೋಗಿಸ್ತಿದ್ರು, ಸುಮಾರು ಕ್ರಿ.ಪೂ. 3200ರ ಹೊತ್ತಿಗೇ ಬರವಣಿಗೆ ಶುರುವಾಗಿತ್ತು. ಎರಡು ನದಿ ತಂದು ಹಾಕೋ ಮಣ್ಣು ಬೇಕಾದಷ್ಟು, ಹಾಗಾಗಿ ಮಣ್ಣೇ ಅವ್ರ ಕಾಗದ.

ಇಲ್ಲಿ ತುಂಬಾ ಜನ ಮಕ್ಕಳ ಹೆಸರು ಬರೆಸಿ ಮುಗಿಸಿಬಿಡ್ತಾರೆ, ಅದು ಬೇಡ. ಆ ಕಾಲದ ಮೊದಮೊದಲ ಹಲಗೆಗಳಲ್ಲಿ ಬಹಳಷ್ಟು ಇದ್ದಿದ್ದು ಲೆಕ್ಕ, ಎಷ್ಟು ಬಾರ್ಲಿ ಬಂತು, ಎಷ್ಟು ಕುರಿ ಹೋಯ್ತು ಅಂತ. ಹಾಗಾಗಿ ಮಕ್ಕಳಿಗೂ ಲೆಕ್ಕವನ್ನೇ ಕೊಡಿ. ಒಂದು ಗುಂಪು ಬೀಜಗಳ "ಉಗ್ರಾಣ" ನೋಡ್ಕೊಳ್ಳಿ, ಯಾರಿಗೆ ಎಷ್ಟು ಕೊಟ್ರು ಅಂತ ಮಾತಾಡದೆ, ಪೆನ್ ಮುಟ್ಟದೆ, ಮಣ್ಣಲ್ಲೇ ಗುರುತು ಮಾಡ್ಲಿ. ಮಾರನೇ ದಿನ ಇನ್ನೊಂದು ಗುಂಪು ಅದನ್ನ ಓದ್ಬೇಕು. ಓದೋಕೆ ಆಗಲ್ಲ, ಆಗ ಗಲಾಟೆ ಶುರು, ಆಮೇಲೆ "ಎಲ್ಲರೂ ಈ ಬೀಜಕ್ಕೆ ಇದೇ ಗುರುತು ಹಾಕೋಣ" ಅಂತ ಅವ್ರೇ ಒಪ್ಪಂದ ಮಾಡ್ಕೋತಾರೆ. ಲಿಪಿ ಅಂದ್ರೆ ಎಲ್ಲರೂ ಸೇರಿ ಒಪ್ಪಿಕೊಂಡ ಗುರುತು ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳಿಕೊಡೋ ದಾರಿ ನನಗಂತೂ ಸಿಕ್ಕಿಲ್ಲ.

ಸರ್ಕಾರ, ಚುನಾವಣೆ ಇವೆಲ್ಲಾ ಕೈಯಲ್ಲಿ ಮಾಡೋಕೆ ಆಗತ್ತಾ?

ಆಗತ್ತೆ, ಮಕ್ಕಳಿಗೆ ತುಂಬಾ ಖುಷಿ ಕೊಡೋದೇ ಇದು. ಆದ್ರೆ ಓಟು ನಿಜವಾದ ವಿಷಯಕ್ಕೇ ಇರ್ಬೇಕು, ಅಂದ್ರೆ ಗೆದ್ದಿದ್ದು ನಿಜವಾಗ್ಲೂ ನಡೀಬೇಕು. ಶುಕ್ರವಾರ ಯಾವ ಆಟ ಆಡೋದು ಅಂತ ಇಟ್ಕೊಳ್ಳಿ. ಮೊದ್ಲು ಕೈ ಎತ್ತಿಸಿ ಎಣಿಸಿ. ಗಮನ ಇಟ್ಟು ನೋಡಿದ್ರೆ ಅರ್ಧ ಮಕ್ಕಳು ಸ್ನೇಹಿತರ ಮುಖ ನೋಡಿ ಕೈ ಎತ್ತುತ್ತಿರ್ತಾರೆ. ಆಮೇಲೆ ರಟ್ಟಿನ ಡಬ್ಬದಲ್ಲಿ ಚೀಟಿ ಹಾಕಿಸಿ. ಎರಡು ಲೆಕ್ಕಾನೂ ಬೋರ್ಡ್ ಮೇಲೆ ಪಕ್ಕ ಪಕ್ಕ ಬರೀರಿ, ಬೇರೆ ಬೇರೆ ಬಂದ್ರೆ ಯಾಕೆ ಅಂತ ಅವ್ರೇ ಹೇಳ್ಲಿ. ಸರ್ಕಾರವೇ ಅಚ್ಚು ಹಾಕಿದ ಚೀಟಿಯಲ್ಲಿ ಗುಟ್ಟಾಗಿ ಓಟ್ ಹಾಕೋ ಪದ್ಧತಿಯನ್ನ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ 1856ರಲ್ಲಿ ತಂದ್ವು, ಆಮೇಲೆ ಬೇರೆ ದೇಶಗಳೂ ಅದನ್ನೇ ಹಿಡಿದ್ವು ಅಂತ ಆಗ ಹೇಳಿದ್ರೆ ಸರಿಯಾದ ಜಾಗಕ್ಕೆ ಹೋಗಿ ಕೂರತ್ತೆ.

ಮೂರು ಆಯ್ಕೆ ಇಟ್ರೆ ಇನ್ನೂ ಮಜಾ. 30 ಮಕ್ಕಳಲ್ಲಿ 12, 10, 8 ಅಂತ ಬಂತು ಅಂದ್ಕೊಳ್ಳಿ. 12 ಗೆಲ್ಲತ್ತೆ, ಆದ್ರೆ 18 ಮಕ್ಕಳಿಗೆ ಅದು ಮೊದಲ ಆಯ್ಕೆ ಆಗಿರ್ಲಿಲ್ಲ. ನ್ಯಾಯಾನಾ? ಎರಡನೇ ಸುತ್ತು ಬೇಕಾ? ನೀವು ತೀರ್ಪು ಕೊಡ್ಬೇಡಿ, ಸುಮ್ನೆ ಕೂತು ಕೇಳಿ.

ಅರ್ಥಶಾಸ್ತ್ರ ಚಿಕ್ಕ ಮಕ್ಕಳಿಗೆ ಕಷ್ಟ ಅಲ್ವಾ?

ಆ ಪದ ಕಷ್ಟ, ವಿಷಯ ಅಲ್ಲ. ಎರಡು ಗುಂಪು ಮಾಡಿ ಪೇಪರ್ ಕವರ್ ಮಾಡೋಕೆ ಹೇಳಿ. ಒಂದು ಗುಂಪಲ್ಲಿ ಪ್ರತಿಯೊಬ್ಬರೂ ಪೂರ್ತಿ ಕವರ್ ತಾವೇ ಮಾಡ್ಲಿ, ಇನ್ನೊಂದರಲ್ಲಿ ಒಬ್ರು ಕತ್ತರಿಸೋದು, ಒಬ್ರು ಮಡಚೋದು, ಒಬ್ರು ಗಮ್ ಹಚ್ಚೋದು, ಒಬ್ರು ಚಿತ್ರ ಬರೆಯೋದು. 15 ನಿಮಿಷ ಆದ್ಮೇಲೆ ಎಣಿಸಿ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆ ಬಗ್ಗೆ ಬರೆದಿದ್ದು ಇದನ್ನೇ, ಕೆಲಸ ಹಂಚಿಕೊಂಡ 10 ಜನ ದಿನಕ್ಕೆ 48,000 ಸೂಜಿ ಮಾಡ್ತಿದ್ರಂತೆ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, "ಯಾರಿಗೆ ಬೋರ್ ಆಯ್ತು?" ಅಂತಾನೂ ಕೇಳಿ. ಗಮ್ ಹಚ್ಚೋ ಮಗು ಹೇಳೋ ಉತ್ತರ ಕೂಡ ಪಾಠಾನೇ.

ಅಪ್ಪ ಅಮ್ಮನೇ ಮನೇಲಿ ಮಾಡಿ ಕಳಿಸ್ತಾರೆ. ಏನ್ ಮಾಡೋದು?

ಮನೆಗೆ ಕಳಿಸ್ಲೇಬೇಡಿ, ಅಷ್ಟೇ. ಕ್ಲಾಸಲ್ಲೇ ಶುರು, ಕ್ಲಾಸಲ್ಲೇ ಮುಗಿಸೋದು. ನಾನು ಶುರುವಿನ ವರ್ಷಗಳಲ್ಲಿ ಮನೆಗೆ ಕೊಡ್ತಿದ್ದೆ. ಒಂದ್ಸಲ ಥರ್ಮೋಕೋಲ್‌ನಲ್ಲಿ ಮಾಡಿದ ಕೋಟೆ ಬಂತು, ಲೈಟ್ ಬೇರೆ ಉರೀತಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅದರ ಪಕ್ಕ ಇನ್ನೊಂದು ಮಗು ರಟ್ಟಿನ ಡಬ್ಬದಲ್ಲಿ ತಾನೇ ಕತ್ತರಿಸಿ ಮಾಡಿದ ಓರೆಕೋರೆ ಕೋಟೆ ಹಿಡ್ಕೊಂಡು ನಿಂತಿತ್ತು, ಅದನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ತು. ಲೈಟ್ ಇದ್ದ ಕೋಟೆಯ ಮಗುಗೆ ಗೋಡೆಯಲ್ಲಿ ಸಣ್ಣ ಕಿಂಡಿ ಯಾಕಿದೆ ಅಂತ ಕೇಳಿದ್ರೆ ಗೊತ್ತಿಲ್ಲ, ಓರೆಕೋರೆ ಕೋಟೆಯ ಮಗು "ಬಾಣ ಬಿಡೋಕೆ, ಹೊರಗಡೆಯವ್ರಿಗೆ ನಾವು ಕಾಣ್ಬಾರ್ದಲ್ಲ" ಅಂತು. ಆವತ್ತಿನಿಂದ ಒಂದೇ ಒಂದು ಪ್ರಾಜೆಕ್ಟೂ ಮನೆಗೆ ಕೊಟ್ಟಿಲ್ಲ. ಮನೆಯವರಿಗೆ ಕೆಲಸ ಕೊಡ್ಲೇಬೇಕು ಅಂದ್ರೆ ಸಂದರ್ಶನ ಕೊಡಿ, ಅದು ಅವರು ಮಾತ್ರ ಮಾಡೋಕಾಗೋ ಕೆಲಸ.

ಸಂದರ್ಶನ ಅಂದ್ರೆ ಹೇಗೆ?

ಮನೆಯ ಹಿರಿಯರೊಬ್ಬರ ಹತ್ರ ಒಂದು ಹಳೇ ವಸ್ತು ಕೇಳಿ ತರೋದು ಅಥವಾ ಚಿತ್ರ ಬರ್ಕೊಂಡು ಬರೋದು, ಅದರ ಕಥೆ ಕೇಳೋದು. "ನಿಮ್ಮ ಕಾಲ ಚೆನ್ನಾಗಿತ್ತಾ?" ಅಂತ ಕೇಳಿದ್ರೆ ಹೂಂ ಅಂತ ಮುಗಿಯತ್ತೆ. "ಇದನ್ನ ಮೊದಲ ಸಲ ಹಿಡಿದ ದಿನ ಏನಾಯ್ತು?" ಅಂತ ಕೇಳಿಸಿ. ಅಜ್ಜಿ ತಾತ ಇಲ್ಲದ ಮಕ್ಕಳು, ಬೇರೆಯವರ ಮನೇಲಿ ಬೆಳೀತಿರೋ ಮಕ್ಕಳು ಇರ್ತಾರೆ, ಅದಕ್ಕೇ "ನಿಮಗೆ ಗೊತ್ತಿರೋ ಯಾರಾದ್ರೂ ದೊಡ್ಡವರು" ಅಂತಾನೇ ಹೇಳಿ.

ಗುಂಪಲ್ಲಿ ಒಬ್ರೇ ಎಲ್ಲಾ ಮಾಡ್ತಾರೆ, ಉಳಿದವರು ನೋಡ್ತಾ ಕೂರ್ತಾರೆ.

ಗುಂಪು ದೊಡ್ಡದಾಯ್ತು ಅಂತ ಅರ್ಥ. ಮೂರು, ಹೆಚ್ಚಂದ್ರೆ ನಾಲ್ಕು. ಕತ್ತರಿ ಒಂದೇ ಕೊಡಿ, ಆಗ ಉಳಿದವರಿಗೆ ಬೇರೆ ಕೆಲಸ ಹುಡುಕ್ಕೊಳ್ಳೇಬೇಕಾಗತ್ತೆ.

ಯುದ್ಧ, ಗುಲಾಮಗಿರಿ ಥರದ ವಿಷಯಕ್ಕೂ ನಾಟಕ ಮಾಡಿಸ್ಬಹುದಾ?

ಬೇಡ. ದಯವಿಟ್ಟು ಬೇಡ. ಒಂದು ಮಗು ಯಜಮಾನ, ಇನ್ನೊಂದು ಗುಲಾಮ ಅಂತ ಆಡಿಸಿದ್ರೆ ಆ ನೋವು ಅರ್ಥ ಆಗಲ್ಲ, ಒಂದೋ ನಗು ಬರತ್ತೆ, ಇಲ್ಲಾ ಯಾವುದೋ ಮಗುವಿನ ಮನಸ್ಸಿಗೆ ನಿಜವಾಗ್ಲೂ ಗಾಯ ಆಗತ್ತೆ. ಆ ಕಾಲದ ಒಂದು ಪತ್ರ, ಒಂದು ಫೋಟೋ, ಒಂದು ವಸ್ತು ತೋರಿಸಿ "ನಿಮಗೆ ಏನು ಕಾಣ್ತಿದೆ, ಏನು ಕೇಳಬೇಕು ಅನ್ನಿಸ್ತಿದೆ" ಅಂತ ಕೂತು ಮಾತಾಡಿ. ಇನ್ನೊಬ್ಬರ ಸಮುದಾಯದ ವೇಷ ಹಾಕಿಸೋದೂ ಅಷ್ಟೇ, ಅದರ ಬದಲು ಅವ್ರ ಮನೆ ಆ ಹವೆಗೆ ಯಾಕೆ ಆ ಆಕಾರದಲ್ಲಿದೆ ಅಂತ ಕಟ್ಟಿ ನೋಡಿಸಿ.

ಕೆಲವು ಮಕ್ಕಳಿಗೆ ಮಣ್ಣು, ಗಮ್ ಮುಟ್ಟೋಕೇ ಆಗಲ್ಲ.

ಬಲವಂತ ಮಾಡ್ಬೇಡಿ. ಗ್ಲೌಸ್ ಕೊಡಿ, ಇಲ್ಲಾಂದ್ರೆ ಅಳತೆ, ಫೋಟೋ, ಲೆಕ್ಕದ ಕೆಲಸ ಕೊಡಿ. ಕಣ್ಣು ಕಾಣದ ಮಗು ಇದ್ರೆ ಮ್ಯಾಪ್‌ನಲ್ಲಿ ನದಿಗೆ ದಾರ, ರಸ್ತೆಗೆ ಮರಳು ಕಾಗದ, ಕಾಡಿಗೆ ಹತ್ತಿ ಅಂಟಿಸಿ. ಅಂಥ ಮ್ಯಾಪ್ ಇಡೀ ಕ್ಲಾಸಿಗೇ ಇಷ್ಟ ಆಗತ್ತೆ, ಎಲ್ಲರೂ ಕಣ್ಣು ಮುಚ್ಚಿ ಓದೋಕೆ ಬರ್ತಾರೆ.

ಪೀರಿಯಡ್ 40 ನಿಮಿಷ, ಸಿಲಬಸ್ ಮುಗಿಸ್ಬೇಕು. ಟೈಮ್ ಎಲ್ಲಿದೆ?

ಪ್ರತಿ ಪಾಠಕ್ಕೂ ಪ್ರಾಜೆಕ್ಟ್ ಬೇಡ, ವರ್ಷಕ್ಕೆ ನಾಲ್ಕು ಸಾಕು, ಆದ್ರೆ ಆ ನಾಲ್ಕನ್ನ ಅವಸರ ಮಾಡ್ದೇ ಮಾಡಿ. ಒಂದಕ್ಕೆ ಐದಾರು ಪೀರಿಯಡ್ ಇಡಿ, ಅದರಲ್ಲಿ ಕೊನೆಯದು ಪೂರ್ತಿ ಮಾತಿಗೆ. ತುಂಬಾ ಜನ ಆ ಕೊನೆಯ ಪೀರಿಯಡ್ಡನ್ನೇ ಕತ್ತರಿಸೋದು, ಕಲಿಕೆ ಗಟ್ಟಿ ಆಗೋದೇ ಅಲ್ಲಿ. ಅಳತೆ, ಲೆಕ್ಕದ ಭಾಗವನ್ನ ಗಣಿತದ ಪೀರಿಯಡ್‌ನಲ್ಲಿ ಮಾಡಿ, ಬರೆಯೋದನ್ನ ಭಾಷೆ ಪೀರಿಯಡ್‌ನಲ್ಲಿ.

ಮಾರ್ಕ್ಸ್ ಹೇಗೆ ಕೊಡೋದು?

ಅಂದಕ್ಕೆ ಕೊಡ್ಬೇಡಿ. ನಾನು ಮೂರು ಪ್ರಶ್ನೆ ಕೇಳ್ತೀನಿ: ಇದರಿಂದ ನಿಂಗೆ ಏನು ಗೊತ್ತಾಯ್ತು, ಎಲ್ಲಿ ಕೆಟ್ಟೋಯ್ತು, ಇನ್ನೊಂದ್ಸಲ ಮಾಡಿದ್ರೆ ಏನು ಬದಲಾಯಿಸ್ತೀಯಾ. ಬಾಯಲ್ಲಿ ಹೇಳಿದ್ರೂ ಸರಿ. ಎರಡನೇ ಪ್ರಶ್ನೆಗೆ ಚೆನ್ನಾಗಿ ಉತ್ತರ ಹೇಳೋ ಮಗು ನಿಜವಾಗ್ಲೂ ತಾನೇ ಮಾಡಿರತ್ತೆ.

ಮುಗಿದ ಮಾಡೆಲ್‌ಗಳನ್ನೆಲ್ಲಾ ಎಲ್ಲಿ ಇಡೋದು? ಬೀರು ತುಂಬಿಹೋಗಿದೆ.

ಎರಡು ವಾರ ಇಡಿ, ಬೇರೆ ಕ್ಲಾಸಿನ ಮಕ್ಕಳನ್ನ ಕರೆಸಿ ನಿಮ್ಮ ಮಕ್ಕಳೇ ವಿವರಿಸ್ಲಿ, ಫೋಟೋ ತೆಗೀರಿ, ಆಮೇಲೆ ಬಿಚ್ಚಿ. ರಟ್ಟು ಮುಂದಿನ ಪ್ರಾಜೆಕ್ಟಿಗೆ, ಸುಡದೇ ಇರೋ ಜೇಡಿಮಣ್ಣನ್ನ ಬಕೆಟ್‌ನಲ್ಲಿ ನೆನೆಹಾಕಿದ್ರೆ ಮತ್ತೆ ಬರತ್ತೆ. ಹಾಗೆ ನೆನೆಹಾಕುವಾಗ ಒಂದು ಹಲಗೆ ಎತ್ತಿ ತೋರಿಸಿ, ಹಳೇ ಅರಮನೆಗಳಿಗೆ ಬೆಂಕಿ ಬಿದ್ದಾಗ ಇಂಥ ಹಸಿ ಹಲಗೆಗಳು ಸುಟ್ಟು ಗಟ್ಟಿಯಾಗಿದ್ದಕ್ಕೇ ಅವುಗಳಲ್ಲಿ ಎಷ್ಟೋ ನಮ್ಮ ಕೈಗೆ ಸಿಕ್ಕಿದ್ದು ಅಂತ ಹೇಳಿ. ಟೈಮ್‌ಲೈನ್ ಹಗ್ಗ ಒಂದನ್ನ ಮಾತ್ರ ಬಿಚ್ಚಬೇಡಿ, ಸುತ್ತಿ ಮೂಲೇಲಿ ನೇತುಹಾಕಿ, ಪ್ರತಿ ಹೊಸ ಪಾಠಕ್ಕೂ ಹೊರಗೆ ತಗೊಂಡು ಹೋಗಿ ಬಿಡಿಸಿ ಒಂದು ಕ್ಲಿಪ್ ಸೇರಿಸೋದು. ನನ್ನ ಹಗ್ಗಕ್ಕೆ ಈಗ ಅರವತ್ತಕ್ಕೂ ಹೆಚ್ಚು ಕ್ಲಿಪ್ ಆಗಿದೆ, "ಇವತ್ತು" ಅನ್ನೋ ತುದೀಲಿ ಮಾತ್ರ ಮಕ್ಕಳು ಅವರವರ ಹುಟ್ಟಿದ ವರ್ಷದ ಚೀಟಿ ಹಾಕಿ ಹಾಕಿ ಜಾಗವೇ ಇಲ್ಲ.